ವಿಮೆ ಅರ್ಜಿಯ ‘ಆಕ್ಯುಪೆನ್ಸಿ’ಗೆ ‘ಸ್ವಾಧೀನ’ ಒಪ್ಪುತ್ತದೆಯೇ?

ಆತ್ಮೀಯರೇ,

ಕೆಳಗೆ ಅಂಗಡಿ, ಮೇಲೆ ಮನೆ ಇರುವ ಕಟ್ಟಡಕ್ಕೆ ಅಗ್ನಿ ವಿಮೆ ಮಾಡಿಸುವ ಅರ್ಜಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಆಕ್ಯುಪೆನ್ಸಿ’ ಎಂಬ ಕಾಲಂ ಹತ್ತಿರ ಕೈ ನಿಂತಿದೆ.

ಹಿಂದಿನ ಅನುವಾದದಲ್ಲಿ ‘ಸ್ವಾಧೀನ’ ಎಂದಿದೆ. ಪಾಲಿಕೆಯವರು ಕೊಡುವ ಓಸಿಗೂ (ಆಕ್ಯುಪೆನ್ಸಿ ಸರ್ಟಿಫಿಕೇಟ್) ‘ಸ್ವಾಧೀನಾನುಭವ ಪತ್ರ’ ಎಂಬ ಹೆಸರಿರುವುದರಿಂದ ಇದಕ್ಕೆ ಆಧಾರವಿಲ್ಲ ಎನ್ನುವಂತಿಲ್ಲ. ಆದರೆ ‘ಸ್ವಾಧೀನ’ ಎಂದೊಡನೆ ನಮಗೆ ತೋಚುವುದು ‘ಯಾರ ಕೈಯಲ್ಲಿದೆ’ ಎಂಬುದು. ಅರ್ಜಿ ತುಂಬುವವರು ‘ಸ್ವಂತ’ ಅಥವಾ ‘ಬಾಡಿಗೆ’ ಎಂದು ಬರೆದು ಮುಂದೆ ಹೋಗಿಬಿಡುತ್ತಾರೆ. ವಿಮೆಯವರಿಗೆ ಬೇಕಾದದ್ದು ಕಟ್ಟಡದೊಳಗೆ ಏನು ನಡೆಯುತ್ತದೆ ಎಂಬ ವಿವರ. ಪ್ರೀಮಿಯಂ ಅದನ್ನೇ ನೋಡಿಕೊಂಡು ಏರಿಳಿಯುತ್ತದೆ. ಪಾತ್ರೆ ಮಾರುವ ಜಾಗಕ್ಕೂ ಹತ್ತಿ ಹಾಸಿಗೆ ಹೊಲಿಯುವ ಜಾಗಕ್ಕೂ ಬೆಂಕಿಯ ಭಯ ಒಂದೇ ಅಲ್ಲವಲ್ಲ.

2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐ ಜಾರಿಗೆ ತಂದ ಮಾದರಿ ಪಾಲಿಸಿಗಳಲ್ಲಿ ವಾಸದ ಮನೆಗೆ ‘ಭಾರತ್ ಗೃಹ ರಕ್ಷಾ’ ಇದೆ. ಒಂದೇ ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿಯಿರುವ ಉದ್ದಿಮೆಗೆ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಇದೆ. ನಮ್ಮ ಕಟ್ಟಡವೋ ಅಲ್ಲೊಂದು ಕಾಲು, ಇಲ್ಲೊಂದು ಕಾಲು. ‘ಸ್ವಂತ ಮನೆ’ ಎಂದಷ್ಟೇ ಬರೆದು, ಕೆಳಗಿನ ಅಂಗಡಿಯ ಸುದ್ದಿ ಬಿಟ್ಟುಹೋದರೆ ಕ್ಲೇಮಿನ ಹೊತ್ತಿಗೆ ನಷ್ಟ ಅಳೆಯಲು ಬರುವ ಸರ್ವೇಯರ್ ಅದನ್ನೇ ಹಿಡಿಯಬಹುದು. ಗೊತ್ತಿರುವುದನ್ನು ಮುಚ್ಚಿಡದೆ ಹೇಳಬೇಕೆಂಬುದು ವಿಮೆ ಒಪ್ಪಂದದ ಬುನಾದಿ. ಅಂಗಡಿಯ ದಾಸ್ತಾನು ಮನೆಸಾಮಾನಿನ ಲೆಕ್ಕಕ್ಕೂ ಬರುವುದಿಲ್ಲ.

ನನ್ನ ಒಲವು ‘ಬಳಕೆ’ಯ ಕಡೆಗೆ. ಗೃಹ ಬಳಕೆ, ವಾಣಿಜ್ಯ ಬಳಕೆ ಎಂದು ಕರೆಂಟಿನ ವಿಷಯದಲ್ಲಿ ಜನ ಆಗಲೇ ಕೇಳಿದ್ದಾರೆ. ಆಸ್ತಿ ತೆರಿಗೆಯ ‘ವಸತಿ’, ‘ವಸತಿಯೇತರ’ವೂ ಪರಿಚಿತವೇ. ತೊಡಕಿರುವುದು ಎರಡೂ ಸೇರಿದ ಕಟ್ಟಡಕ್ಕೆ. ‘ಮಿಶ್ರ ಬಳಕೆ’ ನಗರ ಯೋಜನೆಯವರ ಮಾತು, ಅರ್ಥವಾದರೂ ಆಪ್ತವೆನಿಸದು. ‘ಅಂಗಡಿಮನೆ’ ಕಿವಿಗೆ ಹಿತ, ಆದರೆ ಕೆಲವೆಡೆ ಅದು ಮನೆತನದ ಹೆಸರು. ಅದೂ ಅಲ್ಲದೆ, ದೊಡ್ಡಬಳ್ಳಾಪುರದಲ್ಲೋ ಇಳಕಲ್ಲಿನಲ್ಲೋ ಮನೆಯೊಳಗೇ ಮಗ್ಗ ಹಾಕಿಕೊಂಡಿರುವ ನೇಕಾರರು ‘ನಮ್ಮದು ಅಂಗಡಿಯಲ್ಲವಲ್ಲ’ ಎಂದರೆ ಏನು ಹೇಳುವುದು? (ಕೆಳಗೆ ಮಳಿಗೆ, ಮೇಲೆ ಮಾಳಿಗೆ ಎಂದು ಪ್ರಾಸ ಕಟ್ಟಬಹುದು. ಅರ್ಜಿಗೆ ಆಗದು.)

ಒಂಟಿ ಪದದ ಹಂಗೇ ಬೇಡವೆಂದು, ‘ಕಟ್ಟಡದ ಬಳಕೆ: ಯಾವ ಮಹಡಿಯಲ್ಲಿ ವಾಸ, ಯಾವುದರಲ್ಲಿ ಯಾವ ಕಸುಬು?’ ಎಂದು ಕೇಳಿಬಿಡುವ ಯೋಚನೆಯೂ ಇದೆ. ಆದರೆ ಕಾಲಂ ಚಿಕ್ಕದು.

ವಿಮೆ ಏಜೆಂಟರೊಡನೆ ಒಡನಾಟ ಇರುವವರು ಹೇಳಿ: ನಿಮ್ಮ ಕಡೆ ಇಂಥ ಕಟ್ಟಡಕ್ಕೆ ಬಾಯಿಮಾತಿನಲ್ಲಿ ಏನೆನ್ನುತ್ತಾರೆ? ‘ಆಕ್ಯುಪೆನ್ಸಿ’ಗೆ ಕಾನೂನು ಪದಕೋಶ ಕೊಡುವ ‘ಅಧಿಭೋಗ’ವನ್ನು ಯಾರಾದರೂ ಅರ್ಜಿ ತುಂಬುವವರಿಗೆ ವಿವರಿಸದೆ ಬಳಸಿದ್ದುಂಟೇ?