ಕೆಳಗೆ ಒಂದೂ ಕಂಬ ಕೊಡದೆ ಫ್ಲಾರೆನ್ಸ್ ಗುಮ್ಮಟ ಕಟ್ಟಿದ್ದು ಹೇಗೆ?

ಮನೆ ಕಟ್ಟಿ ನೋಡು (ಕೋಲಾರ):
ನಮ್ಮ ಮನೆ ಕೆಲಸ ನಡೆಯುತ್ತಿದೆ, ಹೋದ ವಾರ ಮೋಲ್ಡ್ ಹಾಕಿದರು. ಮೂವತ್ತು-ನಲವತ್ತರ ಸೈಟು ಅಷ್ಟೇ. ಅದಕ್ಕೇ ಕೆಳಗೆ ಕಾಲಿಡೋಕೆ ಜಾಗ ಇಲ್ಲದಷ್ಟು ನೀಲಗಿರಿ ಕಂಬ. ರಾತ್ರಿ ಸುಮ್ನೆ ಮೊಬೈಲ್ ನೋಡುತ್ತಿದ್ದಾಗ ಇಟಲಿಯ ಫ್ಲಾರೆನ್ಸ್ ಚರ್ಚಿನ ಗುಮ್ಮಟ ಕಣ್ಣಿಗೆ ಬಿತ್ತು. 1420ರಲ್ಲಿ ಶುರು ಮಾಡಿ 1436ರಲ್ಲಿ ಮುಗಿಸಿದ್ದಾರೆ. ಅಗಲ ಸುಮಾರು 45 ಮೀಟರ್, ನೆಲದಿಂದ ಸೆಂಟ್ರಿಂಗೇ ಕೊಟ್ಟಿಲ್ಲವಂತೆ! ಒಳಕ್ಕೆ ಬಾಗುತ್ತಾ ಹೋಗುವ ಇಟ್ಟಿಗೆ ಗೋಡೆ ಅರ್ಧದಲ್ಲೇ ಕುಸಿಯಬೇಕಿತ್ತು ಅಲ್ವಾ? ಯಾರಾದರೂ ನನ್ನಂಥವನಿಗೆ ಅರ್ಥವಾಗುವ ಹಾಗೆ ಹೇಳಿ.

ಡ್ರಾಯಿಂಗ್ ಶೀಟ್:
ಗುಮ್ಮಟ ಶುರುವಾಗುವುದೇ ನೆಲದಿಂದ 50 ಮೀಟರಿಗೂ ಮೇಲೆ. ಅಷ್ಟು ಎತ್ತರಕ್ಕೆ, ಅಷ್ಟು ಅಗಲಕ್ಕೆ ಮರ ಎಲ್ಲಿಂದ ತರೋದು? ಚರ್ಚ್ ಕೆಲಸ ಶುರುವಾಗಿದ್ದು 1296ರಲ್ಲಿ. ಮೇಲೆ ಹೇಗೆ ಮುಚ್ಚೋದು ಅಂತ ಗೊತ್ತಿಲ್ಲದೆ ನೂರಿಪ್ಪತ್ತು ವರ್ಷ ಕಟ್ಟುತ್ತಾ ಹೋಗಿದ್ದಾರೆ, ಧೈರ್ಯ ಮೆಚ್ಚಬೇಕು. 1418ರಲ್ಲಿ ಸ್ಪರ್ಧೆ ಇಟ್ಟರು. ಸೆಂಟ್ರಿಂಗ್ ಬೇಡವೇ ಬೇಡ ಅಂದವನು ಫಿಲಿಪ್ಪೊ ಬ್ರುನೆಲೆಸ್ಕಿ. ಅವನು ಕಲಿತಿದ್ದು ಅಕ್ಕಸಾಲಿ ಕೆಲಸ! ಒಂದರೊಳಗೊಂದು ಎರಡು ಗುಮ್ಮಟ ಕಟ್ಟಿಸಿದ. ಒಳಗಿನದು ದಪ್ಪ, ಹೊರಗಿನದು ತೆಳು. ಈಗಲೂ ಜನ 463 ಮೆಟ್ಟಿಲು ಹತ್ತುತ್ತಾರಲ್ಲ, ಕೊನೆಯ ಭಾಗ ಆ ಎರಡರ ಸಂದಿಯಲ್ಲೇ. ಇದರಿಂದ ತೂಕ ಕಮ್ಮಿ ಆಯಿತು. ಆದರೂ 40 ಲಕ್ಷಕ್ಕಿಂತ ಜಾಸ್ತಿ ಇಟ್ಟಿಗೆ ಹಿಡಿದಿದೆ ಅಂತಾರೆ.

ಗಾರೆ ಕೆಲಸ (ಮಾಲೂರು):
ಸಾರ್, ಅವರು ಕೇಳಿದ್ದು ಬೀಳಲಿಲ್ಲ ಯಾಕೆ ಅಂತ. ನಿಮ್ಮ ಕಡೆ ಕಲ್ಲು ಕಟ್ಟಿದ ಹಳೇ ಬಾವಿ ಇದ್ದರೆ ಹೋಗಿ ಬಗ್ಗಿ ನೋಡಿ. ಸುತ್ತಲಿನ ಮಣ್ಣು ಒಳಕ್ಕೆ ತಳ್ಳುತ್ತಲೇ ಇರುತ್ತದೆ, ಆದರೂ ಕಲ್ಲು ನಿಂತಿರುತ್ತವೆ. ಒಂದು ಕಲ್ಲು ಒಳಕ್ಕೆ ಬರಬೇಕೆಂದರೆ ಅಕ್ಕಪಕ್ಕದವು ಜಾಗ ಬಿಡಬೇಕು, ಅವು ಬಿಡಲ್ಲ. ತಳ್ಳಿದಷ್ಟೂ ಬಿಗಿ. ಗುಮ್ಮಟವೂ ಅಷ್ಟೇ, ಒಂದು ಸುತ್ತು ಕೂಡಿಕೊಂಡರೆ ಅದಕ್ಕೆ ಅದೇ ಆಸರೆ.

ಕಷ್ಟ ಇರುವುದು ಸುತ್ತು ಕೂಡುವ ತನಕ. ಹಸಿ ಗಾರೆ ಮೇಲೆ ಓರೆಯಾಗಿ ಇಟ್ಟ ಇಟ್ಟಿಗೆ ಜಾರಿಬಿಡುತ್ತದೆ. ಅದಕ್ಕೆ ಅವನು ನಾಲ್ಕಾರು ಇಟ್ಟಿಗೆ ಮಲಗಿಸಿ ಒಂದನ್ನು ನೆಟ್ಟಗೆ ನಿಲ್ಲಿಸುತ್ತಾ ಹೋದ. ನಿಂತ ಇಟ್ಟಿಗೆಯ ಬುಡ ಕೆಳಗಿನ ವರಸೆಯಲ್ಲಿ ಸಿಕ್ಕಿಕೊಂಡಿರುತ್ತದೆ, ತಲೆ ಮೇಲಿನ ವರಸೆಗೆ ಚಾಚಿರುತ್ತದೆ. ಮಲಗಿದವು ಅಂಥ ಎರಡರ ಮಧ್ಯೆ ಬಿಗಿಯಾಗಿ ಕೂರುತ್ತವೆ, ಜಾರಲ್ಲ. ನೋಡೋಕೆ ಮೀನಿನ ಮುಳ್ಳಿನ ಹಾಗೆ, ಅವರು ಕರೆಯುವುದೂ ಹಾಗೇ.

ಮನೆ ಕಟ್ಟಿ ನೋಡು:
ಅಣ್ಣಾ, ಬಾವಿ ದುಂಡಗಿರುತ್ತೆ. ಇದು ಎಂಟು ಮೂಲೆ! ಮೂಲೆಯಲ್ಲಿ ಸುತ್ತು ಮುರಿಯಲ್ವಾ?

ಡ್ರಾಯಿಂಗ್ ಶೀಟ್:
ಒಳ್ಳೇ ಪ್ರಶ್ನೆ. ಒಳ ಗುಮ್ಮಟದ ಗೋಡೆ ಎರಡು ಮೀಟರ್ ಆಸುಪಾಸು ದಪ್ಪ. ನಡುವಿನಿಂದ ಮೂಲೆಗೆ ಇರುವ ದೂರಕ್ಕೂ ನಡುವಿನಿಂದ ಪಕ್ಕಕ್ಕೆ ಇರುವ ದೂರಕ್ಕೂ ವ್ಯತ್ಯಾಸ ಲೆಕ್ಕ ಹಾಕಿ, ಎರಡು ಮೀಟರಿಗಿಂತ ಕಮ್ಮಿ ಬರುತ್ತದೆ. ಅಂದರೆ ಆ ದಪ್ಪದೊಳಗೇ ಒಂದು ದುಂಡನೆಯ ಬಳೆ ಹಿಡಿಸುತ್ತದೆ. ಹೊರಗಿಂದ ಎಂಟು ಮೂಲೆ, ಹೊಟ್ಟೆಯೊಳಗೆ ದುಂಡು. ಇನ್ನು ಬುಡದ ಕಡೆ ಗೋಡೆ ಹೊರಕ್ಕೆ ಒದೆಯುತ್ತದೆ. ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಾರಲ್ಲ, ಹಾಗೆ ಕಲ್ಲಿನ ತೊಲೆಗಳನ್ನು ಕಬ್ಬಿಣದಿಂದ ಜೋಡಿಸಿ ಗೋಡೆಯೊಳಗೆ ಸರಪಳಿ ಸುತ್ತಿಸಿದ, ಮರದ್ದೂ ಒಂದಿದೆ. ಅಷ್ಟಾದರೂ ಬಿರುಕು ಬಿಟ್ಟಿದೆ, ಈಗಲೂ ಅಳೆಯುತ್ತಲೇ ಇರುತ್ತಾರೆ.

ವಿಜಯಪುರದ ಅಳಿಯ:
ನಮ್ಮ ಗೋಲ್ ಗುಮ್ಮಟದ ಮುಂದೆ ಇದೇನು ಮಹಾ?

ಡ್ರಾಯಿಂಗ್ ಶೀಟ್:
ಅದು ಮುಗಿದಿದ್ದು 1656ರಲ್ಲಿ, ಇದಾದ ಇನ್ನೂರ ಇಪ್ಪತ್ತು ವರ್ಷಕ್ಕೆ. ಅಲ್ಲಿ ಕೆಳಗೆ ಚೌಕ, ಮೇಲೆ ದುಂಡು. ಒಂದನ್ನೊಂದು ಹಾಯುವ ಕಮಾನುಗಳ ಮೇಲೆ ಗುಮ್ಮಟ ಕೂತಿದೆ. ಅದರ ಜಾಣತನವೇ ಬೇರೆ, ಜಗಳ ಬೇಡ ಮಾರಾಯರೇ.

ಕಪಿಲೆ ಬಾವಿ (ಶ್ರೀನಿವಾಸಪುರ):
ಎತ್ತುಗಳ ಬಗ್ಗೆ ಯಾರೂ ಬಾಯೇ ಬಿಡಲಿಲ್ಲ! ನಮ್ಮ ತಾತ ಕಪಿಲೆ ಹೊಡೆಯುತ್ತಿದ್ದರು. ಎತ್ತು ಇಳಿಜಾರಿನಲ್ಲಿ ಮುಂದಕ್ಕೆ ಹೋದರೆ ನೀರು ಮೇಲಕ್ಕೆ, ಆಮೇಲೆ ಅವನ್ನು ಹಿಂದಕ್ಕೆ ನಡೆಸಬೇಕು. ಎತ್ತಿಗೂ ಬೇಜಾರು, ಮನುಷ್ಯನಿಗೂ ಬೇಜಾರು. ಫ್ಲಾರೆನ್ಸಿನಲ್ಲೂ ಇಟ್ಟಿಗೆ, ಕಲ್ಲು ಎತ್ತಿದ್ದು ಎತ್ತುಗಳೇ. ಆದರೆ ಬ್ರುನೆಲೆಸ್ಕಿಯ ಯಂತ್ರದಲ್ಲಿ ಅವು ಒಂದೇ ದಿಕ್ಕಿಗೆ ಸುತ್ತುತ್ತಿದ್ದವು. ನಿಂತ ಕಂಬಕ್ಕೆ ಮೇಲೊಂದು ಕೆಳಗೊಂದು ಹಲ್ಲಿನ ಚಕ್ರ. ತಿರುಪು ತಿರುಗಿಸಿ ಕಂಬವನ್ನು ಸ್ವಲ್ಪ ಏರಿಸಿದರೋ ಇಳಿಸಿದರೋ, ಇನ್ನೊಂದು ಚಕ್ರ ಕಚ್ಚಿಕೊಂಡು ಹಗ್ಗ ಉಲ್ಟಾ ಓಡುತ್ತದೆ. ನೊಗ ಬಿಚ್ಚುವ ಕೆಲಸವೇ ಇಲ್ಲ. ಸಾವಿರದ ನಾನೂರ ಇಪ್ಪತ್ತರಲ್ಲೇ ರಿವರ್ಸ್ ಗೇರ್!

ಮನೆ ಕಟ್ಟಿ ನೋಡು:
ಎಲ್ಲರಿಗೂ ಥ್ಯಾಂಕ್ಸ್. ಬೆಳಗ್ಗೆ ತೋಟದ ಹಳೇ ಬಾವಿ ನೋಡಿ ಬಂದೆ. ನೀರಿಲ್ಲ, ತುಂಬಾ ಕಸ. ಕಲ್ಲು ಮಾತ್ರ ಒಂದೂ ಅಲುಗಿಲ್ಲ. ಹಾಗಾದರೆ ನಮ್ಮ ಕಂಬಗಳನ್ನೂ ಬೇಗ ತೆಗೆಸಬಹುದಾ ಅಣ್ಣಾ? ಬಾಡಿಗೆ ಏರುತ್ತಿದೆ.

ಗಾರೆ ಕೆಲಸ (ಮಾಲೂರು):
ಅಯ್ಯೋ, ಮುಟ್ಟಬೇಡಿ! ನಿಮ್ಮದು ಚಪ್ಪಟೆ ಮೋಲ್ಡ್ ಸ್ವಾಮಿ. ಇಂಜಿನಿಯರ್ ಹೇಳಿದ ದಿನ ಆಗಲಿ, ಅಲ್ಲಿಯವರೆಗೆ ದಿನಾ ನೀರು ಹಾಕಿ.