‘ಆನ್ ಆರ್ಮ್ ಅಂಡ್ ಎ ಲೆಗ್’ ಕಥೆ ನಿಜಾನಾ? ಇಂಗ್ಲಿಷ್ ನುಡಿಗಟ್ಟುಗಳ ಕೈ, ಕಾಲು, ಕಣ್ಣು, ಕರುಳು

ಹಳ್ಳಿಶಾಲೆ ಟೀಚರ್:

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನುಡಿಗಟ್ಟುಗಳ ಅರ್ಥವನ್ನು ಸುಮ್ನೆ ಬೋರ್ಡಿನ ಮೇಲೆ ಬರೆದರೆ ಮಕ್ಕಳಿಗೆ ಎರಡು ದಿನವೂ ನೆನಪಿರುವುದಿಲ್ಲ. ಹಿಂದೆ ಒಂದು ಕಥೆ ಇದೆ ಅಂತ ಹೇಳಿದರೆ ಪರೀಕ್ಷೆ ಮುಗಿದ ಮೇಲೂ ಮರೆಯುವುದಿಲ್ಲ. ಹಾಗಾಗಿ ಕಥೆ ಎಲ್ಲಿ ಸಿಕ್ಕಿದರೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ.

ಹೋದ ವಾರ ‘ಕಾಸ್ಟ್ಸ್ ಆನ್ ಆರ್ಮ್ ಅಂಡ್ ಎ ಲೆಗ್’ ಹೇಳಿಕೊಟ್ಟೆ. ವಿಪರೀತ ದುಬಾರಿ ಅನ್ನುವ ಅರ್ಥ. ಹಿಂದೆ ಚಿತ್ರ ಬರೆಯುವವರು ಬರೀ ಮುಖಕ್ಕೆ ಒಂದು ರೇಟು, ಕೈಕಾಲೂ ಬೇಕು ಅಂದರೆ ಜಾಸ್ತಿ ರೇಟು ತೆಗೆದುಕೊಳ್ಳುತ್ತಿದ್ದರಂತೆ, ಅಲ್ಲಿಂದ ಈ ಮಾತು ಬಂತು ಅಂತ ವಾಟ್ಸಾಪಿನಲ್ಲಿ ಓದಿದ ಕಥೆಯನ್ನೂ ಹೇಳಿದೆ. ಮಕ್ಕಳಿಗೆ ತುಂಬಾ ಹಿಡಿಸಿತು. ಆದರೆ ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಮಿಸ್, ಅದು ಯಾವ ಇಸವಿಯಲ್ಲಿ?” ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಸೋಮವಾರ ಹೇಳುತ್ತೇನೆ ಅಂದಿದ್ದೇನೆ.

ಈಗ ನೋಟ್‌ಬುಕ್ ತೆಗೆದು ನೋಡಿದರೆ ಎಲ್ಲದರ ಮೇಲೂ ಅನುಮಾನ ಬರುತ್ತಿದೆ. ‘ಪುಲಿಂಗ್ ಸಮ್‌ಒನ್ಸ್ ಲೆಗ್’ ಗಲ್ಲಿಗೆ ಹಾಕಿದವರ ಕಾಲು ಎಳೆಯುವುದರಿಂದ ಬಂತಂತೆ. ‘ಕೋಲ್ಡ್ ಶೋಲ್ಡರ್’ (ಬೇಕಂತಲೇ ಅಸಡ್ಡೆ ತೋರಿಸುವುದು) ಅಂದರೆ ಬೇಡದ ನೆಂಟರಿಗೆ ಬಡಿಸುವ ಕುರಿಯ ಭುಜದ ತಣ್ಣಗಿನ ಮಾಂಸವಂತೆ. ‘ಟರ್ನ್ ಎ ಬ್ಲೈಂಡ್ ಐ’ (ಕಂಡೂ ಕಾಣದ ಹಾಗಿರುವುದು) ಬ್ರಿಟಿಷ್ ನೌಕಾಪಡೆಯ ನೆಲ್ಸನ್ ಕಥೆಯಂತೆ. ‘ರೂಲ್ ಆಫ್ ಥಂಬ್’ (ಅಂದಾಜಿನ ಲೆಕ್ಕ) ಹೆಂಡತಿಯನ್ನು ಹೊಡೆಯುವ ಕೋಲಿನ ದಪ್ಪವಂತೆ. ತುಂಬಾ ಪ್ರೀತಿಯವರು ಅನ್ನುವ ‘ಆಪಲ್ ಆಫ್ ಮೈ ಐ’ಗೆ ಕಥೆಯೇ ಸಿಕ್ಕಿಲ್ಲ, ಕಣ್ಣಿಗೂ ಸೇಬಿಗೂ ಏನು ಸಂಬಂಧ? ಇವುಗಳಲ್ಲಿ ಯಾವುದು ನಿಜ, ಯಾವುದು ಆಮೇಲೆ ಕಟ್ಟಿದ್ದು, ತಿಳಿದವರು ಹೇಳಿ. ಸುಳ್ಳು ಹೇಳಿಕೊಟ್ಟಿದ್ದರೆ ಅದೇ ಕ್ಲಾಸಿನಲ್ಲಿ ತಿದ್ದಬೇಕು ಅಂತಿದ್ದೇನೆ.

ಹಳೇಪುಸ್ತಕ:

ಮೇಡಂ, ಆ ಹುಡುಗಿ ಕೇಳಿದ್ದೇ ಸರಿಯಾದ ಪ್ರಶ್ನೆ. ನುಡಿಗಟ್ಟಿನ ವಿಷಯದಲ್ಲಿ ಮೊದಲು ಇಸವಿ ನೋಡಬೇಕು, ಆಮೇಲೆ ಕಥೆ. ಕಥೆ ನಡೆದ ಕಾಲಕ್ಕೂ ಆ ಮಾತು ಮೊದಲು ಅಚ್ಚಿನಲ್ಲಿ ಕಾಣಿಸಿದ ಕಾಲಕ್ಕೂ ಹೊಂದಿಕೆ ಇಲ್ಲದಿದ್ದರೆ ಕಥೆಯನ್ನು ಯಾರೋ ಆಮೇಲೆ ಕಟ್ಟಿದ್ದಾರೆ ಅಂತಲೇ ಅರ್ಥ.

‘ಆರ್ಮ್ ಅಂಡ್ ಎ ಲೆಗ್’ ಅಚ್ಚಿನಲ್ಲಿ ಸಿಗುವುದು 20ನೇ ಶತಮಾನದ ನಡುವಿನಲ್ಲಿ, ಅಮೆರಿಕದಲ್ಲಿ. ದುಡ್ಡಿದ್ದವರೆಲ್ಲ ಚಿತ್ರಗಾರರ ಮುಂದೆ ಕೂತು ಚಿತ್ರ ಬರೆಸಿಕೊಳ್ಳುತ್ತಿದ್ದ ಕಾಲ ಅದಕ್ಕಿಂತ ಎಷ್ಟೋ ಹಿಂದಿನದು. ಅಷ್ಟು ಹೊತ್ತಿಗೆ ಫೋಟೋ ಬಂದು ನೂರು ವರ್ಷವಾಗಿತ್ತು. ಚಿತ್ರಗಾರರ ರೇಟಿನಿಂದ ಹುಟ್ಟಿದ ಮಾತಾಗಿದ್ದರೆ ನಡುವಿನ ಇನ್ನೂರು ಮುನ್ನೂರು ವರ್ಷದಲ್ಲಿ ಯಾರಾದರೂ ಒಮ್ಮೆ ಬರೆದಿರಬೇಕಿತ್ತಲ್ವಾ? ‘ಅದಕ್ಕಾಗಿ ನನ್ನ ಬಲಗೈಯನ್ನೇ ಕೊಡುತ್ತೇನೆ’ ಅನ್ನುವ ಮಾತು ಇಂಗ್ಲಿಷಿನಲ್ಲಿ ಮೊದಲೇ ಇತ್ತು. ದೇಹದ ಒಂದು ಭಾಗವನ್ನೇ ಬೆಲೆಯಾಗಿ ಕೊಡುವ ಮಾತು ಅದು. ಅದರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದರೆ ಚಿತ್ರಗಾರ ಬೇಕಾಗುವುದೇ ಇಲ್ಲ.

ಕಾಲೆಳೆಯುವುದೂ ಹಾಗೇ. ಲಂಡನ್ನಿನ ಟೈಬರ್ನ್‌ನಲ್ಲಿ ಗಲ್ಲಿಗೆ ಹಾಕುತ್ತಿದ್ದದ್ದು ನಿಜ. ಬೇಗ ಪ್ರಾಣ ಹೋಗಲಿ ಅಂತ ಸ್ನೇಹಿತರು ಕಾಲು ಹಿಡಿದು ಎಳೆಯುತ್ತಿದ್ದದ್ದೂ ನಿಜ. ಆದರೆ ಅಲ್ಲಿ ಕೊನೆಯ ಗಲ್ಲು 1783ರಲ್ಲಿ. ‘ತಮಾಷೆ ಮಾಡು’ ಅನ್ನುವ ಅರ್ಥದ ಮಾತು ಬರುವುದು 19ನೇ ಶತಮಾನದಲ್ಲಿ. ಸಾಯುತ್ತಿರುವವನ ಕಾಲು ಎಳೆಯುವುದು ಕರುಣೆಯಿಂದ ಮಾಡುವ ಕೆಲಸ, ಅದಕ್ಕೂ ತಮಾಷೆಗೂ ಏನು ಸಂಬಂಧ ಹೇಳಿ. ನಮ್ಮಲ್ಲಿ ‘ಕಾಲೆಳೆಯುವುದು’ ಅಂದರೆ ಮೇಲೆ ಹೋಗುತ್ತಿರುವವನನ್ನು ಕೆಳಗೆ ಬೀಳಿಸುವುದು ಅಂತಲೂ ಇದೆ, ಅದನ್ನು ಮಕ್ಕಳು ಇದರ ಜೊತೆ ಕಲಸಿಕೊಳ್ಳದ ಹಾಗೆ ನೋಡಿಕೊಳ್ಳಿ.

‘ಕೋಲ್ಡ್ ಶೋಲ್ಡರ್’ಗೆ ಇಸವಿ ಚೆನ್ನಾಗಿ ಸಿಗುತ್ತದೆ. 1816ರಲ್ಲಿ ವಾಲ್ಟರ್ ಸ್ಕಾಟ್ ತಮ್ಮ ‘ದಿ ಆಂಟಿಕ್ವರಿ’ ಕಾದಂಬರಿಯಲ್ಲಿ ಸ್ಕಾಟ್ಲೆಂಡಿನ ಆಡುಮಾತಿನಲ್ಲೇ ‘ಕಾಲ್ಡ್ ಶೂದರ್’ ಅಂತ ಬರೆದರು. ಅಲ್ಲಿ ಊಟವೂ ಇಲ್ಲ, ಕುರಿಯೂ ಇಲ್ಲ. ಮುಖ ಕೊಟ್ಟು ಮಾತಾಡದೆ ಭುಜ ತಿರುಗಿಸುವುದು, ಅಷ್ಟೇ.

ನೆಲ್ಸನ್ ಕಥೆ ಬೇರೆ ಥರದ್ದು. ಘಟನೆ ನಡೆದದ್ದು ಹೌದು. ಅವರ ಬಲಗಣ್ಣು 1794ರಲ್ಲಿ ಕಾರ್ಸಿಕಾದ ಕಾಲ್ವಿ ಮುತ್ತಿಗೆಯಲ್ಲಿ ಹಾಳಾಗಿತ್ತು. 1801ರ ಏಪ್ರಿಲ್ 2ರಂದು ಕೋಪನ್‌ಹೇಗನ್ ಯುದ್ಧದಲ್ಲಿ ಮೇಲಧಿಕಾರಿ ಹೈಡ್ ಪಾರ್ಕರ್ ಹೋರಾಟ ನಿಲ್ಲಿಸಿ ಅಂತ ಬಾವುಟದ ಸಂಕೇತ ಕೊಟ್ಟರು. ನೆಲ್ಸನ್ ನಿಲ್ಲಿಸಲಿಲ್ಲ, ಗೆದ್ದರು. ನನಗಿರುವುದು ಒಂದೇ ಕಣ್ಣು, ಒಮ್ಮೊಮ್ಮೆ ಕುರುಡಾಗಿರುವ ಹಕ್ಕು ನನಗಿದೆ ಅಂತ ಅಂದರಂತೆ. ದೂರದರ್ಶಕವನ್ನು ಕುರುಡು ಕಣ್ಣಿಗೆ ಹಿಡಿದ ಆ ಚಿತ್ರವನ್ನು ಮನೆಮನೆಗೆ ಮುಟ್ಟಿಸಿದ್ದು ರಾಬರ್ಟ್ ಸೌದಿ 1813ರಲ್ಲಿ ಬರೆದ ನೆಲ್ಸನ್ ಜೀವನಚರಿತ್ರೆ. ಆದರೆ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಈ ನುಡಿಗಟ್ಟಿನ ಬಳಕೆ 1698ಕ್ಕೇ ದಾಖಲಾಗಿದೆ, ಅಂದರೆ ನೆಲ್ಸನ್ ಹುಟ್ಟುವುದಕ್ಕೆ 60 ವರ್ಷ ಮೊದಲು. ಇದ್ದ ಮಾತಿಗೆ ಅವರು ಹೆಸರು ತಂದುಕೊಟ್ಟರು, ಮಾತು ಅವರಿಂದ ಹುಟ್ಟಲಿಲ್ಲ.

ಕರಾವಳಿ ಹುಡುಗ:

ಕಥೆ ಸುಳ್ಳಾದರೂ ಮಕ್ಕಳು ಅರ್ಥ ಕಲಿತರಲ್ಲ, ಅಷ್ಟು ಸಾಕಲ್ವಾ ಮೇಡಂ? ನನಗೆ ನಮ್ಮ ಸರ್ ಹೇಳಿದ ಕಥೆಗಳಿಂದಲೇ ಇಂಗ್ಲಿಷ್ ಬಂದದ್ದು. ಅವುಗಳಲ್ಲಿ ಎಷ್ಟು ನಿಜವಿತ್ತೋ ನಾನು ಯಾವತ್ತೂ ನೋಡಲಿಲ್ಲ.

ಅಳತೆಗೋಲು:

ಕರಾವಳಿ ಹುಡುಗ, ಎಲ್ಲ ಕಡೆ ಅದು ಸಾಕಾಗುವುದಿಲ್ಲ. ‘ರೂಲ್ ಆಫ್ ಥಂಬ್’ ನೋಡಿ. ಇಂಗ್ಲೆಂಡಿನಲ್ಲಿ ಹೆಬ್ಬೆರಳಿಗಿಂತ ದಪ್ಪವಿಲ್ಲದ ಕೋಲಿನಿಂದ ಹೆಂಡತಿಯನ್ನು ಹೊಡೆಯಬಹುದು ಅಂತ ಕಾನೂನಿತ್ತು, ಅದೇ ಈ ಮಾತು ಅಂತ ಎಷ್ಟೋ ಜನ ನಂಬಿದ್ದಾರೆ. ಅದನ್ನು ಕೇಳಿ ಈ ಮಾತನ್ನು ಬಳಸುವುದನ್ನೇ ಬಿಟ್ಟವರನ್ನು ನಾನು ನೋಡಿದ್ದೇನೆ. ಅವರ ಕಾಳಜಿ ಒಳ್ಳೆಯದೇ, ಆದರೆ ಅವರಿಗೆ ಸಿಕ್ಕ ಚರಿತ್ರೆ ತಪ್ಪು.

1782ರಲ್ಲಿ ಫ್ರಾನ್ಸಿಸ್ ಬುಲ್ಲರ್ ಅನ್ನುವ ನ್ಯಾಯಾಧೀಶರು ಹಾಗೆ ಹೇಳಿದರು ಅಂತ ಸುದ್ದಿ ಹಬ್ಬಿತು. ಜೇಮ್ಸ್ ಗಿಲ್‌ರೇ ಅನ್ನುವ ಚಿತ್ರಗಾರ ಬುಲ್ಲರ್ ಅವರನ್ನು ‘ಜಡ್ಜ್ ಥಂಬ್’ ಅಂತ ವ್ಯಂಗ್ಯಚಿತ್ರ ಬರೆದು ಹರಾಜು ಹಾಕಿದರು. ಬುಲ್ಲರ್ ಅಂಥ ತೀರ್ಪು ಕೊಟ್ಟ ದಾಖಲೆ ಎಲ್ಲೂ ಸಿಕ್ಕಿಲ್ಲ. ನುಡಿಗಟ್ಟಂತೂ ಅದಕ್ಕಿಂತ ನೂರು ವರ್ಷ ಹಳೆಯದು. 17ನೇ ಶತಮಾನದಲ್ಲಿ ಜೇಮ್ಸ್ ಡರಮ್ ಅನ್ನುವ ಸ್ಕಾಟಿಷ್ ಪಾದ್ರಿಯ ಪ್ರವಚನದಲ್ಲಿ ಬರುತ್ತದೆ, ಅಚ್ಚಾದದ್ದು 1685ರಲ್ಲಿ. ಅಲ್ಲಿ ಅವರು ಹೇಳುವುದು ಅಳತೆಗೋಲು ಹಿಡಿಯದೆ ಅಂದಾಜಿನಲ್ಲೇ ಮನೆ ಕಟ್ಟುವ ಮೇಸ್ತ್ರಿಗಳ ಬಗ್ಗೆ. ಈ ನುಡಿಗಟ್ಟನ್ನೂ ಹೆಂಡತಿಯನ್ನು ಹೊಡೆಯುವ ಕಥೆಯನ್ನೂ ಗಂಟು ಹಾಕಿದ್ದು 1970ರ ದಶಕದಲ್ಲಿ. ಹೆಂಡತಿಯನ್ನು ಹೊಡೆಯುವುದನ್ನು ಕೋರ್ಟುಗಳು ಕಂಡೂ ಸುಮ್ಮನಿದ್ದ ಕಾಲ ಇತ್ತು. 1868ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾದ ಒಂದು ಮೊಕದ್ದಮೆಯಲ್ಲಿ ಹೆಬ್ಬೆರಳಿಗಿಂತ ದಪ್ಪವಿಲ್ಲದ ಕೋಲಿನ ಮಾತು ನಿಜಕ್ಕೂ ಬರುತ್ತದೆ, ಗಂಡ ಬಿಡುಗಡೆಯಾಗಿ ಮನೆಗೆ ಹೋದ. ಆ ಹಿಂಸೆಯನ್ನು ಅದರದೇ ಹೆಸರಿನಿಂದ ಮಕ್ಕಳಿಗೆ ಹೇಳಬೇಕು. ಪಾಪದ ಮೇಸ್ತ್ರಿಯ ಹೆಬ್ಬೆರಳಿಗೆ ಅದನ್ನು ಕಟ್ಟುವುದು ಬೇಡ.

ಹೆಬ್ಬೆರಳು ಅಂದರೆ ಅಳತೆ ಅನ್ನುವುದು ಯುರೋಪಿನಲ್ಲಿ ಮನೆಮಾತು. ಫ್ರೆಂಚಿನಲ್ಲಿ ಹೆಬ್ಬೆರಳಿಗೂ ಇಂಚಿಗೂ ‘ಪೂಸ್’ ಅನ್ನುವ ಒಂದೇ ಪದ, ಡಚ್ಚಿನಲ್ಲಿ ಎರಡಕ್ಕೂ ‘ಡೌಮ್’. ಇದನ್ನು ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ಹೂವಿನವಳು ಇವತ್ತಿಗೂ ಮೊಳ, ಮಾರು ಅಂತಲೇ ಅಳೆದು ಕೊಡುತ್ತಾಳೆ. ನಮ್ಮಮ್ಮ ಅನ್ನಕ್ಕಿಡುವಾಗ ಅಕ್ಕಿಯ ಮೇಲೆ ಬೆರಳಿಟ್ಟು ಒಂದು ಗೆರೆ ಮುಳುಗುವಷ್ಟು ನೀರು ಹಾಕುತ್ತಾರೆ, ಯಾವತ್ತೂ ಅನ್ನ ಕೆಟ್ಟಿಲ್ಲ. ಅದೇ ‘ರೂಲ್ ಆಫ್ ಥಂಬ್’.

ಕಣ್ಣಪಾಪೆ:

ಸೇಬಿನ ಪ್ರಶ್ನೆ ನನಗೆ ಬಿಡಿ. ಇದು ಪಟ್ಟಿಯಲ್ಲೇ ತುಂಬಾ ಹಳೆಯದು, 9ನೇ ಶತಮಾನದಲ್ಲಿ ಆಲ್ಫ್ರೆಡ್ ರಾಜನ ಕಾಲದ ಇಂಗ್ಲಿಷಿನಲ್ಲೇ ಇದೆ. ಕಣ್ಣಿನ ನಡುವಿನ ಕಪ್ಪು ಭಾಗವನ್ನು ಗುಂಡಗಿನ ಗಟ್ಟಿ ಉಂಡೆ ಅಂದುಕೊಂಡು ಅದನ್ನು ‘ಆಪಲ್’ ಅನ್ನುತ್ತಿದ್ದರು. ಷೇಕ್ಸ್‌ಪಿಯರ್ ನಾಟಕದಲ್ಲೂ ಹೂವಿನ ರಸವನ್ನು ‘ಕಣ್ಣಿನ ಸೇಬಿಗೆ’ ಹಿಂಡುವ ಮಾತಿದೆ, ಅಲ್ಲಿ ಬರೀ ಕಣ್ಣಿನ ಆ ಭಾಗ ಅಂತಲೇ ಅರ್ಥ. ಪ್ರೀತಿಯ ಅರ್ಥ ಗಟ್ಟಿಯಾದದ್ದು ಬೈಬಲ್ಲಿನಿಂದ. ಕಣ್ಣಿನ ಆ ಭಾಗವನ್ನು ಕಾಪಾಡುವ ಹಾಗೆ ನನ್ನನ್ನು ಕಾಪಾಡು ಅಂತ ಕೀರ್ತನೆಯೊಂದರಲ್ಲಿ ಬರುತ್ತದೆ.

ಆದರೆ ಮೂಲ ಹೀಬ್ರೂವಿನಲ್ಲಿ ಸೇಬು ಇಲ್ಲವೇ ಇಲ್ಲ! ಅಲ್ಲಿರುವ ಪದ ‘ಈಶೋನ್’, ಅಂದರೆ ಪುಟ್ಟ ಮನುಷ್ಯ. ಯಾರದಾದರೂ ಕಣ್ಣನ್ನು ಹತ್ತಿರದಿಂದ ನೋಡಿ, ಒಳಗೆ ಪುಟ್ಟದಾಗಿ ನೀವೇ ಕಾಣುತ್ತೀರಿ. ಲ್ಯಾಟಿನ್ನಿನವರೂ ಅದನ್ನೇ ನೋಡಿ ‘ಪುಪಿಲ್ಲಾ’ ಅಂದರು, ಪುಟ್ಟ ಹುಡುಗಿ, ಪುಟ್ಟ ಗೊಂಬೆ ಅಂತ. ಇಂಗ್ಲಿಷಿನ ‘ಪ್ಯೂಪಿಲ್’ ಬಂದದ್ದು ಅದರಿಂದ. ನಾವು ಏನಂತೀವಿ? ಕಣ್ಣಿನ ಪಾಪೆ! ಪಾಪೆ ಅಂದರೂ ಗೊಂಬೆಯೇ. ಒಬ್ಬರನ್ನೊಬ್ಬರು ನೋಡಿರದ ಜನ ಎದುರಿನವರ ಕಣ್ಣಲ್ಲಿ ಒಂದೇ ಗೊಂಬೆ ಕಂಡಿದ್ದಾರೆ. ನನಗೆ ಇದನ್ನು ತಿಳಿದ ದಿನ ರಾತ್ರಿ ನಿದ್ದೆ ಬರಲಿಲ್ಲ. ಮೇಡಂ, ಶಾಲೆಯ ಹುಡುಗರನ್ನು ‘ಪ್ಯೂಪಿಲ್’ ಅನ್ನುತ್ತೀವಲ್ಲ, ಅದೂ ಅದೇ ಬೇರಿನ ಪದ. ಸೋಮವಾರ ಮಕ್ಕಳಿಗೆ ಇದೊಂದನ್ನು ತಪ್ಪದೆ ಹೇಳಿ.

ಹಳೇಪುಸ್ತಕ:

ಕಣ್ಣಪಾಪೆ ಅವರೇ, ಬಹಳ ಸಂತೋಷವಾಯಿತು. ಬೈಬಲ್ ಮಾತು ಬಂದದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನನ್ನ ಪ್ರಕಾರ ಈ ಇಡೀ ವಿಷಯದ ತಿರುಳು ಇಲ್ಲಿದೆ.

ಕೂದಲೆಳೆಯಲ್ಲಿ ಪಾರಾದ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ‘ಬೈ ದ ಸ್ಕಿನ್ ಆಫ್ ಮೈ ಟೀತ್’ ಅನ್ನುತ್ತಾರೆ. ಹಲ್ಲಿಗೆಲ್ಲಿಯ ಚರ್ಮ? ಬೈಬಲ್ಲಿನ ಯೋಬನ ಪುಸ್ತಕದ ಹೀಬ್ರೂ ಮಾತನ್ನು 1560ರ ಜಿನೀವಾ ಬೈಬಲ್ ಅನ್ನುವ ಇಂಗ್ಲಿಷ್ ಅನುವಾದದವರು ಇದ್ದ ಹಾಗೇ ಪದಕ್ಕೆ ಪದ ಇಳಿಸಿದರು, 1611ರ ಕಿಂಗ್ ಜೇಮ್ಸ್ ಬೈಬಲ್ಲಿನಲ್ಲೂ ಉಳಿಯಿತು, ಹಾಗೇ ನಾಲಿಗೆಗೆ ಹತ್ತಿತು. ಆದರೆ ಅದೇ ಬೈಬಲ್ಲಿನ ಇನ್ನೊಂದು ಮಾತು ಉಳಿಯಲಿಲ್ಲ. ಹೊಸ ಒಡಂಬಡಿಕೆಯ ಮೂಲ ಭಾಷೆಯಾದ ಗ್ರೀಕಿನಲ್ಲಿ ಕರುಣೆ ಹುಟ್ಟುವ ಜಾಗ ಕರುಳು. 1611ರಲ್ಲಿ ಅದನ್ನು ‘ಬವೆಲ್ಸ್ ಆಫ್ ಮರ್ಸೀಸ್’ ಅಂತ ಮಾಡಿದರು, ಕರುಣೆಯ ಕರುಳು ಅಂತ. ಆಗಿನ ಇಂಗ್ಲಿಷರಿಗೆ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. 1650ರ ಆಗಸ್ಟ್ 3ರಂದು ಇಂಗ್ಲೆಂಡಿನ ಸೇನಾಧಿಪತಿ ಆಲಿವರ್ ಕ್ರಾಂವೆಲ್ ಸ್ಕಾಟ್ಲೆಂಡಿನ ಚರ್ಚಿನವರಿಗೆ ಕಾಗದ ಬರೆದು, ಕ್ರಿಸ್ತನ ಕರುಳಿನ ಮೇಲೆ ಬೇಡಿಕೊಳ್ಳುತ್ತೇನೆ, ನೀವು ತಪ್ಪಿರಬಹುದು ಅಂತ ಒಮ್ಮೆ ಯೋಚಿಸಿ ಅಂದರು. ಯುದ್ಧ ತಪ್ಪಲಿಲ್ಲ, ಸರಿಯಾಗಿ ಒಂದು ತಿಂಗಳಿಗೆ ಡನ್‌ಬಾರ್‌ನಲ್ಲಿ ಹೊಡೆದಾಡಿದರು. ಆಮೇಲೆ ‘ಬವೆಲ್ಸ್’ ಅಂದರೆ ಹೊಟ್ಟೆ ಕೆಟ್ಟಾಗ ಡಾಕ್ಟರ ಹತ್ತಿರ ಆಡುವ ಪದ ಮಾತ್ರ ಆಯಿತು. 1881ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ಪರಿಷ್ಕರಿಸುವಾಗ ಆ ಜಾಗಕ್ಕೆ ‘ಹಾರ್ಟ್’ ಬಂದು ಕೂತಿತು.

ಅವರು ಕಳೆದುಕೊಂಡದ್ದು ನಮ್ಮ ಹತ್ತಿರ ಹಾಗೇ ಇದೆ. ಹೆತ್ತ ಕರುಳು, ಕರುಳಕುಡಿ, ಕರುಳು ಚುರುಕ್ ಅಂದಿತು. ಇವನ್ನು ಇಂಗ್ಲಿಷಿಗೆ ಹಾಕುವಾಗ ನಾವೂ ಅವರ ಹಾಗೆ ‘ಹಾರ್ಟ್’ ಅಂತ ಬದಲಿಸುತ್ತೇವೆ. 1611ರ ಇಂಗ್ಲಿಷರಿಗಾದರೆ ಬದಲಿಸಬೇಕಾಗಿರಲಿಲ್ಲ.

ಕರಾವಳಿ ಹುಡುಗ:

ಸರ್, ನನ್ನ ಮೊದಲಿನ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ಇಲ್ಲಿ ನಿಜವೇ ಕಥೆಗಿಂತ ಚೆನ್ನಾಗಿದೆ. ಒಂದು ಪ್ರಶ್ನೆ. ‘ಲರ್ನ್ ಬೈ ಹಾರ್ಟ್’ ಅನ್ನುತ್ತಾರಲ್ಲ, ಕಂಠಪಾಠಕ್ಕೂ ಹೃದಯಕ್ಕೂ ಏನು ಸಂಬಂಧ?

ಕಣ್ಣಪಾಪೆ:

ನೆನಪು ಇರುವುದು ಎದೆಯಲ್ಲಿ ಅಂತ ಹಿಂದಿನವರು ನಂಬಿದ್ದರು. ಫ್ರೆಂಚಿನ ‘ಪಾರ್ ಕರ್’ ಅದೇ ಅರ್ಥದ ಮಾತು, 14ನೇ ಶತಮಾನದಲ್ಲಿ ಇಂಗ್ಲಿಷ್ ಕವಿ ಚಾಸರ್ ಬರವಣಿಗೆಯಲ್ಲೇ ‘ಬೈ ಹರ್ಟ್’ ಇದೆ. ‘ರೆಕಾರ್ಡ್’ ಅನ್ನುವ ಪದದ ಹೊಟ್ಟೆಯಲ್ಲೂ ಹೃದಯ ಅನ್ನುವ ಅರ್ಥದ ಲ್ಯಾಟಿನ್ ‘ಕೋರ್’ ಕೂತಿದೆ. ನಮ್ಮಲ್ಲಿ ಹೃದ್ಗತ ಅಂತ ಇದೆ, ಆದರೆ ಮನೆಯಲ್ಲಿ ಯಾರು ಹಾಗನ್ನುತ್ತಾರೆ? ಬಾಯಿಪಾಠ, ಕಂಠಪಾಠ. ಗಟ್ಟಿಯಾಗಿ ಹೇಳಿ ಒಪ್ಪಿಸಿದರೆ ಮಾತ್ರ ಬಂತು ಅಂತ ಲೆಕ್ಕ.

ಹಳ್ಳಿಶಾಲೆ ಟೀಚರ್:

ಎಲ್ಲರಿಗೂ ಮನಸಾರೆ ಧನ್ಯವಾದ. ಸೋಮವಾರ ಪಾಠ ಆಯಿತು. ಮೊದಲು ಚಿತ್ರಗಾರರ ಕಥೆ ತಪ್ಪು ಅಂತ ಹೇಳಿದೆ, ಕೇಳಿದ ಹುಡುಗಿಯ ಹೆಸರು ಹೇಳಿ ಚಪ್ಪಾಳೆ ಹೊಡೆಸಿದೆ. ಆಮೇಲೆ ಬೋರ್ಡಿನ ಮೇಲೆ 1685, 1698, 1816 ಅಂತ ಬರೀ ಇಸವಿ ಬರೆದು, ಯಾವ ಮಾತು ಯಾವುದರ ಎದುರು ಬರುತ್ತದೆ ಅಂತ ಮಕ್ಕಳ ಕೈಲೇ ಹಾಕಿಸಿದೆ.

ಕಣ್ಣಿನ ಪಾಪೆಯ ವಿಷಯ ಹೇಳಿದ ಮೇಲೆ ಮಾತ್ರ ಪಾಠ ಮುಂದಕ್ಕೆ ಹೋಗಲಿಲ್ಲ. ಇಡೀ ಕ್ಲಾಸು ಜೋಡಿ ಜೋಡಿಯಾಗಿ ಕೂತು ಒಬ್ಬರ ಕಣ್ಣಲ್ಲಿ ಇನ್ನೊಬ್ಬರು ತಮ್ಮನ್ನು ಹುಡುಕುತ್ತಿದ್ದರು. ಬೆಲ್ ಹೊಡೆಯುವವರೆಗೂ ನಾನು ಬಿಟ್ಟುಬಿಟ್ಟೆ. ಆ ಹುಡುಗಿ ಹೊರಗೆ ಹೋಗುವಾಗ ಹೊಸದೊಂದು ಕೇಳಿದ್ದಾಳೆ: ಕನ್ನಡದ ‘ಹೊಟ್ಟೆಕಿಚ್ಚು’ ಮೊದಲು ಬರೆದದ್ದು ಯಾವ ಇಸವಿಯಲ್ಲಿ ಮಿಸ್? ಹಳೇಪುಸ್ತಕ ಸರ್, ಕಣ್ಣಪಾಪೆ ಅವರೇ, ಇದಕ್ಕೆ ಬೇರೆ ಥ್ರೆಡ್ ಹಾಕುತ್ತೇನೆ, ದಯವಿಟ್ಟು ಅಲ್ಲಿಗೂ ಬನ್ನಿ.