ದುಡ್ಡು ಕೊಟ್ಟರೆ ಕ್ಷುದ್ರಗ್ರಹಕ್ಕೆ ಹೆಸರಿಡಬಹುದಾ? ರಾಮಾನುಜನ್ ಹೆಸರು ಇಟ್ಟಿದ್ದು ಹೇಗೆ?

ಸಂಜೆಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ಗಣಿತದ ರಾಮಾನುಜನ್ ಹೆಸರಲ್ಲಿ ಒಂದು ಕ್ಷುದ್ರಗ್ರಹ ಇದೆ ಅಂತ ನನ್ನ ಮಗಳು ಎಲ್ಲೋ ಓದಿದ್ದಾಳೆ, ಏಳನೇ ಕ್ಲಾಸು. ಹೋದ ವರ್ಷ ತೀರಿಕೊಂಡ ಅವಳ ಅಜ್ಜಿಯ ಹೆಸರನ್ನೂ ಒಂದಕ್ಕೆ ಇಡಬೇಕು ಅಂತ ಅವತ್ತಿನಿಂದ ಒಂದೇ ಹಟ. ಒಂದು ವೆಬ್‌ಸೈಟಿನವರು ದುಡ್ಡು ಕಟ್ಟಿದರೆ ಹೆಸರಿಟ್ಟು ಸರ್ಟಿಫಿಕೇಟ್ ಕೊಡುತ್ತೇವೆ ಅಂದರು, ಕಟ್ಟಿದೆ. ಬಂದ ಕಾಗದದಲ್ಲಿ ನಮ್ಮತ್ತೆಯ ಹೆಸರು ಚಿನ್ನದ ಬಣ್ಣದಲ್ಲಿದೆ. ಇದು ನಿಜಾನಾ?

ಕಾವಲೂರು_ರಾತ್ರಿ:
ಇಲ್ಲ ಅಕ್ಕ, ಆ ಕಾಗದಕ್ಕೆ ಬೆಲೆ ಇಲ್ಲ. ಕ್ಷುದ್ರಗ್ರಹದ ಹೆಸರನ್ನು ಯಾರೂ ಮಾರುವಂತಿಲ್ಲ. ಕಂಡುಹಿಡಿದವರು ಸೂಚಿಸಬೇಕು, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿ ಒಪ್ಪಬೇಕು.

ರಾಮಾನುಜನ್ ಹೆಸರಿನದು ಸಿಕ್ಕಿದ್ದು 1988ರ ಫೆಬ್ರವರಿ 17ರಂದು, ತಮಿಳುನಾಡಿನ ಜವಾದಿ ಬೆಟ್ಟದ ಕಾವಲೂರು ವೀಕ್ಷಣಾಲಯದಲ್ಲಿ. ಕಂಡುಹಿಡಿದವರು ಆರ್. ರಾಜಮೋಹನ್. ನೋಡೋಕೆ ಅದೂ ನಕ್ಷತ್ರದಂಥ ಚುಕ್ಕಿಯೇ. ಆದರೆ ಅದೇ ಜಾಗದ ಫೋಟೋ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೆಗೆದರೆ ನಕ್ಷತ್ರಗಳು ಇದ್ದಲ್ಲೇ ಇರುತ್ತವೆ, ಇದೊಂದು ಕೂದಲೆಳೆಯಷ್ಟು ಸರಿದಿರುತ್ತದೆ.

ಮೊದಲು ಸಿಕ್ಕಿದ್ದು ತಾತ್ಕಾಲಿಕ ಗುರುತು ಮಾತ್ರ, 1988 ಡಿಕ್ಯೂ1. ತಿಂಗಳಿಗೆ ಎರಡು ಅಕ್ಷರ: ಜನವರಿ ಮೊದಲರ್ಧ ಎ, ಉಳಿದರ್ಧ ಬಿ, ಹೀಗೆ ಫೆಬ್ರವರಿಯ ಎರಡನೇ ಅರ್ಧಕ್ಕೆ ಡಿ. ಒಂದರ ಹಾಗೆ ಕಾಣುತ್ತದೆ ಅಂತ ಐ ಅಕ್ಷರ ಬಿಟ್ಟಿದ್ದಾರೆ. ಮುಂದಿನ ಕ್ಯೂ1 ಅಂದರೆ ಆ ಹದಿನೈದು ದಿನದ ಲೆಕ್ಕದಲ್ಲಿ 41ನೆಯದು. ಕಕ್ಷೆ ಖಚಿತವಾದ ಮೇಲೆ 4130 ಅನ್ನೋ ಕಾಯಂ ಸಂಖ್ಯೆ, ಅದರ ನಂತರವೇ ಹೆಸರು.

ಹಳೇನಕ್ಷೆ:
ಮೇಲಿನವರು ಒಂದು ಮಾತು ಬಿಟ್ಟರು, ನನಗೆ ತುಂಬಾ ಇಷ್ಟವಾದ ಭಾಗ ಅದು. 1861ರ ಏಪ್ರಿಲ್ 17ರಂದು ಮದ್ರಾಸ್ ವೀಕ್ಷಣಾಲಯದಲ್ಲಿ ನಾರ್ಮನ್ ಪೋಗ್ಸನ್ ಒಂದು ಕ್ಷುದ್ರಗ್ರಹ ಕಂಡುಹಿಡಿದರು. ಆಗ ಈ ಕೆಲಸಕ್ಕೆ ಫೋಟೋ ಬಳಸುತ್ತಿರಲಿಲ್ಲ, ಟೆಲಿಸ್ಕೋಪಿನಲ್ಲಿ ಕಂಡಿದ್ದನ್ನು ನಕ್ಷೆಯ ಜೊತೆ ಕಣ್ಣಲ್ಲೇ ತಾಳೆ ನೋಡಬೇಕು, ನಕ್ಷೆಯಲ್ಲಿ ಇಲ್ಲದ ಚುಕ್ಕಿ ಕಂಡರೆ ಮತ್ತೆ ಮತ್ತೆ ನೋಡಿ ಸರಿಯುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಬೇಕು. ಏಷ್ಯಾ ಖಂಡದಿಂದ ಸಿಕ್ಕ ಮೊದಲನೆಯದು, ಅದಕ್ಕೇ ಹೆಸರು ಏಷ್ಯಾ, ಸಂಖ್ಯೆ 67. ಆ ಮದ್ರಾಸ್ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕನಾಲಿಗೆ ಹೋಯಿತು, ಅದೇ ಮುಂದೆ 1971ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್ ಆಯಿತು, ಈಗ ನಮ್ಮ ಬೆಂಗಳೂರಿನ ಕೋರಮಂಗಲದಲ್ಲಿದೆ. ಕಾವಲೂರು ಅವರದ್ದೇ. ಅಂದರೆ ಏಷ್ಯಾ, ರಾಮಾನುಜನ್ ಎರಡೂ ಒಂದೇ ಮನೆತನದವರಿಗೆ ಸಿಕ್ಕಿದ್ದು!

ಕಾವಲೂರು_ರಾತ್ರಿ:
ಹೌದು ಸರ್, ಇದನ್ನು ನಾನೇ ಹೇಳಬೇಕಿತ್ತು. ಅಕ್ಕ, ಮಗಳಿಗೆ ಇಷ್ಟ ಇದ್ದರೆ ಶಾಲೆ ಮಕ್ಕಳು ಕ್ಷುದ್ರಗ್ರಹ ಹುಡುಕುವ ಕಾರ್ಯಕ್ರಮಗಳಿವೆ, ಸೇರಿಸಿ. ಹವಾಯಿಯ ಪ್ಯಾನ್‌ಸ್ಟಾರ್ಸ್ ಟೆಲಿಸ್ಕೋಪಿನ ಚಿತ್ರ ಕಳಿಸುತ್ತಾರೆ, ಒಂದೇ ಜಾಗದ್ದು ನಾಲ್ಕು. ಕಂಪ್ಯೂಟರಿನಲ್ಲಿ ಒಂದರ ಹಿಂದೊಂದು ಓಡಿಸಿ, ಸರಿಯೋ ಚುಕ್ಕಿ ಹುಡುಕಬೇಕು. ಸಿಕ್ಕರೂ ಸಂಖ್ಯೆ ಬರೋಕೆ ವರ್ಷಗಳು ಬೇಕು. ಹೆಸರು ಇಂಗ್ಲಿಷಿನಲ್ಲಿ 16 ಅಕ್ಷರ ಮೀರಬಾರದು.

ಸಂಜೆಮಲ್ಲಿಗೆ:
ತುಂಬಾ ಥ್ಯಾಂಕ್ಸ್. ದುಡ್ಡು ಹೋಗಿದ್ದಕ್ಕೆ ಬೇಜಾರಿದೆ, ಆದರೆ ಮಗಳು ಆ ಸರ್ಟಿಫಿಕೇಟಿನ ಹಿಂದೆಯೇ ಅಕ್ಷರದ ಪಟ್ಟಿ ಬರೆದುಕೊಂಡು ಕೂತಿದ್ದಾಳೆ. ಅಜ್ಜಿ ಹುಟ್ಟಿದ್ದು ಸೆಪ್ಟೆಂಬರ್ 9, ಅಂದರೆ ಆರ್ ಅಂತೆ. ಹೆಸರು ಎಣಿಸಿದಳು, 11 ಅಕ್ಷರ. ಸೋಮವಾರವೇ ಸೈನ್ಸ್ ಮೇಡಂ ಹತ್ತಿರ ಮಾತಾಡುತ್ತೇನೆ.